ಮುಡಿಪಿನ ಚೊಂಬು

ಕಾಮಾಕ್ಷಿಗೆ ಬೇಕಾಗಿದ್ದುದು ಒಂದು ದೊಡ್ಡ ಗ್ರೈಂಡರ್. ಹೋಟೆಲಿನವರು ಇಟ್ಟುಕೊಂಡಿರುತ್ತಾರಲ್ಲ, ಹಿಡಿ ಎಳೆದರೆ ಪಾತ್ರೆಯೇ ವಾಲಿ ಹಿಟ್ಟು ಸುರಿಯುತ್ತದೆ, ಅಂಥದ್ದು. ಬೇರೆ ಹೆಂಗಸರು ಓಲೆಯ ಕನಸು, ಸೀರೆಯ ಕನಸು ಕಂಡರೆ ಈ ಮಹಾತಾಯಿ ರುಬ್ಬುವ ಕಲ್ಲಿನ ಕನಸು ಕಾಣುತ್ತಿದ್ದಳು. ನಗಬೇಡಿ. ಆ ಕಲ್ಲಿನ ಮೇಲೆ ಅವಳ ಮನೆ ನಿಂತಿತ್ತು.

ವಡೋದರದ ಮಂಜಲ್‌ಪುರದ ಆ ಗಲ್ಲಿಯಲ್ಲಿ ಅವಳ ಇಡ್ಲಿ ದೋಸೆ ಹಿಟ್ಟಿಗೆ ಹೆಸರಿತ್ತು. ಗುಜರಾತಿ ಹೆಂಗಸರು ಅದನ್ನು ಖೀರು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಸ್ಟೀಲಿನ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದರು, ತಡವಾದರೆ ಅವಳ ಅಡುಗೆಮನೆಗೇ ನುಗ್ಗುತ್ತಿದ್ದರು. ಆದರೆ ರುಬ್ಬುವುದಕ್ಕೆ ಇದ್ದದ್ದು ಮನೆಬಳಕೆಯ ಪುಟ್ಟ ಗ್ರೈಂಡರ್. ಒಂದು ಸಲ ತಿರುಗಿದರೆ ಕಾಯುತ್ತದೆ, ಇನ್ನೊಂದು ಸಲಕ್ಕೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಒದ್ದೆ ಬಟ್ಟೆ ಹೊದಿಸಿ ಅದರ ಮುಂದೆ ಕಾದು ಕೂರಬೇಕು. ದಿನವಿಡೀ ದುಡಿದರೂ ಗಲ್ಲಿಯ ಆಚೆಗೆ ಹಿಟ್ಟು ಹೋಗುತ್ತಿರಲಿಲ್ಲ.

ಹೀಗಿರುವಾಗ ಪ್ರವೀಣ್ ಎಂಬ ಹಾಸನದ ಕಡೆಯ ಹುಡುಗ ಸಿಕ್ಕಿದ. ಮಕರಪುರದಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನನ್ನು ಗುತ್ತಿಗೆ ಹಿಡಿದವನು. ಅವಳ ಹಿಟ್ಟಿನ ದೋಸೆ ತಿಂದು ನೋಡಿ, "ಅಕ್ಕಾ, ದಿನಾ ಬೆಳಿಗ್ಗೆ ಒಂದು ದೊಡ್ಡ ಡ್ರಮ್ ಕೊಡ್ತೀರಾ? ಬರೋ ಸೋಮವಾರದಿಂದ ಶುರು. ತಿಂಗಳ ಕೊನೇಲಿ ಲೆಕ್ಕ ಚುಕ್ತಾ. ಆದ್ರೆ ಒಂದು ದಿನವೂ ಕೈಕೊಡಬಾರದು" ಎಂದ. ಕಾಮಾಕ್ಷಿ ಉಸಿರೂ ಬಿಡದೆ ಹೂಂ ಎಂದಳು. ಗ್ರೈಂಡರ್ ಇಲ್ಲದೆ ಹೂಂ ಎನ್ನುವ ಧೈರ್ಯ ಎಲ್ಲಿಂದ ಬಂತು ಎಂದರೆ, ಅದರ ದುಡ್ಡು ಹೆಚ್ಚುಕಡಿಮೆ ಕೂಡಿಯಾಗಿತ್ತು.

ಈ ದುಡ್ಡು ಕೂಡಿದ ಬಗೆ ಹೇಳದಿದ್ದರೆ ಅವಳ ಸಂಕಟ ನಿಮಗೆ ತಿಳಿಯುವುದಿಲ್ಲ.

ಗಂಡ ವೆಂಕಟಾಚಲ ವಿಮಾ ಕಚೇರಿಯ ನೌಕರ. ಚಿಂತಾಮಣಿಯಿಂದ ಇಲ್ಲಿಗೆ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟವನು. ಬೀಡಿಯಿಲ್ಲ, ಸಿಗರೇಟಿಲ್ಲ, ಪಾನನಿಷೇಧದ ಗುಜರಾತಿನಲ್ಲಿ ಹೆಂಡವಂತೂ ಕೇಳಲೇಬೇಡಿ. ಅಳಿಯ ಅಪ್ಪಟ ಚಿನ್ನ ಎಂದು ಕಾಮಾಕ್ಷಿಯ ತವರಿನವರು ಊರೆಲ್ಲ ಹೇಳಿಕೊಂಡು ಬಂದಿದ್ದರು. ಫೋನಿನಲ್ಲಿ ಶೇರು ಆಡುವುದೂ ಒಂದು ಕುಡಿತವೇ ಎಂದು ಆ ಪುಣ್ಯಾತ್ಮರಿಗೆ ಏನು ಗೊತ್ತು! ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರೆಲ್ಲ ಆಡುತ್ತಿದ್ದರು, ಇವನೂ ಇಳಿದ. ಮೊದಲು ಸ್ವಲ್ಪ ಬಂತು. ಆಮೇಲೆ ಬಂದದ್ದೂ ಹೋಯಿತು, ಇದ್ದದ್ದೂ ಹೋಯಿತು, ಸಂಬಳದ ಮೇಲೆ ಸಾಲ ಏರಿತು. ಮನುಷ್ಯ ಕೆಟ್ಟವನಲ್ಲ. ಹೆಂಡತಿಯ ತಲೆನೋವಿಗೆ ತಾನೇ ಹಣೆಗೆ ಅಮೃತಾಂಜನ ಹಚ್ಚುವವನು. ನಾಳೆ ಎಲ್ಲ ಸರಿಹೋಗುತ್ತದೆ ಎಂದು ಮನಸಾರೆ ನಂಬಿದವನು ಮಾಡುವ ಹಾಳನ್ನು ಕೆಟ್ಟವನೂ ಮಾಡಲಾರ.

ಹಿಟ್ಟು ಮಾರಿದ ದುಡ್ಡೂ ಅವಳ ಕೈಗೆ ಬರುತ್ತಿರಲಿಲ್ಲ. ಈಗ ಯಾರು ನೋಟು ಕೊಡುತ್ತಾರೆ ಹೇಳಿ? ಬಾಗಿಲಿನ ಪಕ್ಕದ ಸ್ಟಿಕ್ಕರಿಗೆ ಫೋನು ಹಿಡಿದು ಟಣ್ ಎನ್ನಿಸಿ ಹೋಗುತ್ತಿದ್ದರು. ಆ ಸ್ಟಿಕ್ಕರು ವೆಂಕಟಾಚಲನ ಖಾತೆಯದು. ಫೋನು ಗೊತ್ತಿಲ್ಲದ ನಾಲ್ಕಾರು ಮುದುಕಿಯರು ಮಾತ್ರ ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು, ಇಪ್ಪತ್ತರ ನೋಟು, ನಾಣ್ಯ ಕೊಡುತ್ತಿದ್ದರು. ಎದುರುಮನೆಯ ಜಸುಬೆನ್ ಅವರಲ್ಲಿ ಮೊದಲಿನವಳು. ಅದೊಂದೇ ಕಾಮಾಕ್ಷಿಯ ಸ್ವಂತ ಗಳಿಕೆ. ತರಕಾರಿಯಲ್ಲಿ ಚೌಕಾಸಿ ಮಾಡಿ ಉಳಿದದ್ದು, ಆಟೋ ಬಿಟ್ಟು ನಡೆದು ಉಳಿದದ್ದು, ಎಲ್ಲ ಅದಕ್ಕೇ ಸೇರುತ್ತಿತ್ತು. ಚಿಲ್ಲರೆ ಒಂದಿಷ್ಟಾದಾಗ ಜಸುಬೆನ್ನಳ ಮಗನ ಕಿರಾಣಿ ಅಂಗಡಿಗೆ ಒಯ್ಯುವಳು. ಅವನು, "ಲಾವೋ ಮಾಸಿ, ಛುಟ್ಟಾ ಲಾವೋ" ಎಂದು ಖುಷಿಯಿಂದ ಸುರಿದುಕೊಂಡು ಐನೂರರ ನೋಟು ಕೊಡುವನು.

ಇಡುವುದೆಲ್ಲಿ ಎಂಬುದೇ ಕಷ್ಟ. ಮೊದಲು ರಾಗಿ ಡಬ್ಬದಲ್ಲಿಟ್ಟಳು. ಗಂಡನಿಗೆ ಸಿಕ್ಕಿತು. ಮದುವೆಯ ಸೀರೆಯ ಮಡಿಕೆಯಲ್ಲಿಟ್ಟಳು, ಅದೂ ಸಿಕ್ಕಿತು. ಹಳೇ ಕುಕ್ಕರಿನಲ್ಲಿಟ್ಟದ್ದಂತೂ ಒಂದು ವಾರವೂ ಬಾಳಲಿಲ್ಲ. ಪ್ರತಿ ಸಲವೂ ಅವನು ಕಣ್ಣು ತಗ್ಗಿಸಿ, "ತಗೊಂಡಿದೀನಿ ಕಣೇ, ದುಪ್ಪಟ್ಟು ಮಾಡಿ ಕೊಡ್ತೀನಿ" ಎನ್ನುತ್ತಿದ್ದ. ಕಳ್ಳನಾದರೆ ಬೀಗ ಹಾಕಬಹುದು, ಮನೆಯ ಯಜಮಾನನಿಗೆ ಯಾವ ಬೀಗ?

ಆಗ ಅವಳಿಗೆ ಹೊಳೆದದ್ದು ದೇವರ ಗೂಡು. ಅಲ್ಲಿ ತಿರುಪತಿ ತಿಮ್ಮಪ್ಪನ ಪಟದ ಕೆಳಗೆ ಒಂದು ಹಿತ್ತಾಳೆ ಚೊಂಬಿತ್ತು. ಬಾಯಿಗೆ ಅರಿಶಿನದ ಬಟ್ಟೆ ಕಟ್ಟಿತ್ತು. ಮಗಳು ರಚನಾ ಮಗುವಾಗಿದ್ದಾಗ ಜ್ವರ ಬಂದು ಕೈಬಿಟ್ಟೇಹೋಯಿತು ಎನ್ನುವಂತಾದಾಗ ಅತ್ತೆ ಕಟ್ಟಿದ ಮುಡಿಪು ಅದು. ಮಗು ಉಳಿಯಿತು. ಅಂದಿನಿಂದ ಶನಿವಾರ ಶನಿವಾರ ವೆಂಕಟಾಚಲ ಮಿಂದು ಮಡಿಯುಟ್ಟು, ಬಟ್ಟೆಯ ಸಂದಿಯಿಂದ ಒಂದು ನಾಣ್ಯ ಒಳಗೆ ಬಿಟ್ಟು ಕೈಮುಗಿಯುತ್ತಿದ್ದ. ಯಾವಾಗಲಾದರೂ ತಿರುಪತಿಗೆ ಹೋಗಿ ಹುಂಡಿಗೆ ಸುರಿಯಬೇಕು. ಅಲ್ಲಿಯವರೆಗೆ ಪ್ರಾಣ ಹೋದರೂ ಅದರಿಂದ ಒಂದು ಪೈಸೆ ತೆಗೆಯುವ ಹಾಗಿಲ್ಲ. ತೆಗೆದರೆ ಅವನು ಬಡ್ಡಿಕಾಸಿನವನು, ಬಿಡುವುದಿಲ್ಲ. ಶೇರಿನಲ್ಲಿ ಮುಳುಗಿ ತಲೆ ಮೇಲೆ ಕೈಹೊತ್ತು ಕೂತ ದಿನವೂ ವೆಂಕಟಾಚಲ ಆ ಚೊಂಬಿನ ಕಡೆ ಆಸೆಯ ಕಣ್ಣು ಹಾಯಿಸಿದವನಲ್ಲ.

ಇದಕ್ಕಿಂತ ಭದ್ರವಾದ ತಿಜೋರಿ ಯಾವ ಬ್ಯಾಂಕಿನಲ್ಲಿದೆ? ಗಂಡ ಕಚೇರಿಗೆ ಹೋದಮೇಲೆ ಕಾಮಾಕ್ಷಿ ಕೈಕಾಲು ತೊಳೆದು ಬಂದು, ಬಟ್ಟೆ ಸಡಿಲಿಸಿ ನೋಟನ್ನು ಒಳಗೆ ತುರುಕುವಳು. ತುರುಕುವಾಗ ಪ್ರತಿ ಸಲವೂ ಬಾಯಿಬಿಟ್ಟೇ ಹೇಳುವಳು: "ಇದು ನಿಂದಲ್ಲ ಕಣಪ್ಪಾ ತಿಮ್ಮಪ್ಪಾ, ನಂದು. ಗ್ರೈಂಡರಿಗೆ. ಸ್ವಲ್ಪ ನೋಡ್ಕೊಂಡಿರು ಅಷ್ಟೇ." ಹೇಳಿ ಗಲ್ಲಕ್ಕೆ ಬಡಿದುಕೊಳ್ಳುವಳು. ಇಂಥ ಒಪ್ಪಂದ ದೇವರೊಂದಿಗೆ ನಡೆಯುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರೋ!

ಗುರುವಾರ ವೆಂಕಟಾಚಲ ಬ್ಯಾಗು ಹೆಗಲಿಗೇರಿಸಿ, "ಸೂರತ್ತಿನ ವರಾಛಾ ಬ್ರಾಂಚಲ್ಲಿ ಆಡಿಟ್ಟು, ಸೋಮವಾರ ಬೆಳಿಗ್ಗೆ ಬರ್ತೀನಿ" ಎಂದು ಹೋದ. ಒಳ್ಳೆಯದೇ ಆಯಿತು ಎಂದುಕೊಂಡಳು. ಅವನಿಲ್ಲದಾಗಲೇ ಗ್ರೈಂಡರ್ ಬಂದು ಕೂತುಬಿಟ್ಟರೆ ಮಾತಿಗೆ ಎಡೆಯಿರುವುದಿಲ್ಲ. ರಾವ್‌ಪುರದ ಅಂಗಡಿಯವನಿಗೆ ಶನಿವಾರ ಬರುತ್ತೇನೆಂದು ಹೇಳಿದಳು. ಮೂಲೆಯಲ್ಲಿದ್ದ ಟ್ರಂಕು, ಹಳೇ ಪೇಪರು ಎಲ್ಲ ತೆಗೆದು ಜಾಗ ಮಾಡಿ, ಗೋಣಿಚೀಲ ಹಾಸಿದಳು. ಈ ಗಡಿಬಿಡಿಯಲ್ಲಿ ದೇವರಿಗೆ ದೀಪ ಹಚ್ಚುವುದನ್ನೂ ರಚನಾಗೇ ಬಿಟ್ಟಿದ್ದಳು. ಆ ಎರಡು ದಿನ ಅವಳು ಹಾಡು ಗುನುಗುತ್ತಾ ಓಡಾಡಿದ್ದನ್ನು ಜಸುಬೆನ್ ಕೂಡ ಗಮನಿಸಿದಳು.

ಶನಿವಾರ ಸ್ನಾನ ಮಾಡಿ ದೇವರ ಗೂಡಿಗೆ ಬಂದರೆ ಚೊಂಬಿಲ್ಲ.

ಪಟದ ಹಿಂದೆ ಕೈಯಾಡಿಸಿದಳು. ದೀಪದ ಕಂಬ, ಗಂಟೆ, ಊದುಬತ್ತಿಯ ಡಬ್ಬ, ಎಲ್ಲ ಇದೆ. ಚೊಂಬು ಕೂತಿದ್ದ ಕಡೆ ಗುಂಡಗೆ ಒಂದು ಕಲೆ ಮಾತ್ರ.

"ರಚನಾ! ಏ ರಚನಾ!"

ಹನ್ನೆರಡನೇ ಕ್ಲಾಸಿನ ಹುಡುಗಿ ಪುಸ್ತಕ ಹಿಡಿದೇ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಧ ನಾಲಿಗೆಯಲ್ಲಿ, ಅರ್ಧ ಗಾಳಿಯಲ್ಲಿ. "ಮಮ್ಮಿ, ಪಪ್ಪಾ ತಗೊಂಡು ಹೋದ್ರು. ಸೂರತ್ ನಹೀ, ತಿರುಪತಿಗೆ. ಆಫೀಸ್ ಅಂಕಲ್ ಜೊತೆ. ನಿಂಗೆ ಸರ್‌ಪ್ರೈಸ್, ಹೇಳ್ಬೇಡ ಅಂತ ನಂಗೆ ಪ್ರಾಮಿಸ್ ತಗೊಂಡ್ರು." ತಾಯಿಯ ಮುಖ ನೋಡಿ ಅವಳ ನಗು ನಿಂತಿತು. "ಕ್ಯಾ ಹುವಾ? ಅದು ಗಾಡ್‌ದೇ ದುಡ್ಡು ಅಲ್ವಾ?"

ಕಾಮಾಕ್ಷಿ ಹೊರಕೋಣೆಗೆ ಓಡಿದಳು. ಫೋನು ಹಿಡಿದು ಗಂಡನಿಗೆ ಮಾಡಿದಳು. ಹಾಲ್‌ಮಾಂ ಬಂಧ್ ಛೇ, ಸದ್ಯಕ್ಕೆ ಆಫ್ ಆಗಿದೆ, ಎಂದು ಗುಜರಾತಿ ಹೆಣ್ಣುದನಿ ಉಲಿಯಿತು. ಮತ್ತೆ ಮಾಡಿದಳು. ಬಂಧ್ ಛೇ. ಆಮೇಲೆ ನೆನಪಾಯಿತು. ಬೆಟ್ಟದ ಮೇಲೆ ಸಾಲಿಗೆ ನಿಲ್ಲುವ ಮೊದಲು ಫೋನು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ಒಳಗೆ ಬಿಡುವುದಿಲ್ಲ. ಹಾಗಾದರೆ ಈಗ ಸಾಲಿನಲ್ಲಿದ್ದಾನೆ. ಇನ್ನೂ ಹುಂಡಿ ಮುಟ್ಟಿಲ್ಲ. ಚೊಂಬು ಅವನ ಕಂಕುಳಲ್ಲಿದೆ, ಅದರಲ್ಲಿ ಅವಳ ಗ್ರೈಂಡರಿದೆ, ಮತ್ತು ಅವನನ್ನು ಕರೆದು ನಿಲ್ಲಿಸುವುದಕ್ಕೆ ಪ್ರಪಂಚದಲ್ಲಿ ದಾರಿಯೇ ಇಲ್ಲ. ಆಫೀಸ್ ಅಂಕಲ್‌ನ ನಂಬರಿಗೆ ಮಾಡಿದರೆ ಅದೂ ಅದೇ ರಾಗ.

ಪಟದ ಮುಂದೆ ಬಂದು ನಿಂತಳು. ಕೈ ಮುಗಿಯಲಿಲ್ಲ.

"ಅದು ನಿಂದಲ್ಲ ಅಂತ ನಿಂಗೆ ಗೊತ್ತು" ಎಂದಳು. "ಪ್ರತಿ ಸಲ ಹೇಳೇ ಹಾಕಿದೀನಿ. ಇವತ್ತು ಜನ ಜಾಸ್ತಿ ಬರಲಿ. ಸಾಲು ನಿಂತುಬಿಡಲಿ. ಅವರಿಗೆ ಕಾಲು ನೋವು ಬಂದು ಆಚೆ ಬರಲಿ. ಏನಾದರೂ ಮಾಡು. ನಿನಗೇನು ಕಡಿಮೆಯಾಗಿದೆ ಅಂತ ನನ್ನ ಚಿಲ್ಲರೆ ಮೇಲೆ ಕಣ್ಣು?"

ಎಂದವಳೇ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು. ಹಾಗೆ ಬೈದವಳ ಮೇಲೆ ದೇವರು ಕೋಪಿಸಿಕೊಂಡರೆ ಇನ್ನೂ ಕಷ್ಟ. ತಪ್ಪಾಯಿತು ಎಂದು ತುಪ್ಪದ ದೀಪ ಹಚ್ಚಿದಳು. ಅಡುಗೆಮನೆಗೆ ಹೋದಳು, ಬಂದಳು, ಫೋನು ಮಾಡಿದಳು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಅಂಗಡಿಯವನು ತಾನೇ ಫೋನು ಮಾಡಿ ಟೆಂಪೋ ಕಳಿಸಲೇ ಎಂದು ಕೇಳಿದ. ಬೇಡ ಎಂದಳು.

ಸಂಜೆ ವೆಂಕಟಾಚಲನೇ ಫೋನು ಮಾಡಿದ. ಅವನ ದನಿಯಲ್ಲಿ ಎಂದೂ ಇಲ್ಲದ ಹಗುರ. "ಕಾಮೂ, ಎಲ್ಲ ಆಯ್ತು ಕಣೇ. ಹುಂಡಿಗೆ ಹಾಕಿಬಂದೆ. ಬಂದು ಹೇಳ್ತೀನಿ, ಸಿಗ್ನಲ್ಲಿಲ್ಲ." ಅಷ್ಟೇ, ಕಡಿಯಿತು. ಕಾಮಾಕ್ಷಿ ಮೂಲೆಯಲ್ಲಿ ಹಾಸಿದ್ದ ಗೋಣಿಚೀಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆದರೆ ಸೋಮವಾರದ ಆರ್ಡರು ಅವಳ ಅಳುವಿಗೆ ಕಾಯುವುದಿಲ್ಲವಲ್ಲ. ಭಾನುವಾರ ಎದ್ದು ಮುಖ ತೊಳೆದು ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸಿಗೆ ಹೋದಳು. ಅಲ್ಲಿ ಶಾರದಾ ಇದ್ದಾಳೆ, ತುಮಕೂರಿನವಳು, ಕನ್ನಡದ ಗೆಳತಿ ಎಂದು ಈ ಊರಿನಲ್ಲಿ ಅವಳೊಬ್ಬಳೇ. ಎಲ್ಲ ಕೇಳಿ ಶಾರದಾ, "ಅಯ್ಯೋ ನಿನ್ನ ಬುದ್ಧಿಗಿಷ್ಟು! ದೇವರ ಮುಡಿಪಲ್ಲಿ ಯಾರಾದ್ರೂ ಮನೆ ದುಡ್ಡು ಇಡ್ತಾರೇನೇ?" ಎಂದು ಬೈದಳು. ಬೈದು, ತನ್ನ ಗ್ರೈಂಡರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿಟ್ಟು ಕೊಟ್ಟಳು.

ಎರಡು ಪುಟ್ಟ ಗ್ರೈಂಡರ್. ಒಂದು ಕಾದಾಗ ಇನ್ನೊಂದು. ರಚನಾ ಓದುವುದನ್ನು ಬಿಟ್ಟು ಕೈಜೋಡಿಸಿದರೆ, ತಾನು ನಿದ್ದೆ ಬಿಟ್ಟರೆ, ಹೇಗೋ ಒಂದು ಡ್ರಮ್ ತುಂಬುತ್ತದೆ. ಒಂದು ತಿಂಗಳು ಹೀಗೆ ಪ್ರಾಣ ಹಿಂಡಿಕೊಂಡರೆ ಪ್ರವೀಣನ ದುಡ್ಡು ಕೈಗೆ ಬರುತ್ತದೆ, ಖಾತೆಗಲ್ಲ, ಕೈಗೆ. ಮಾತಾಡುವಾಗಲೇ ಅದನ್ನು ಗಟ್ಟಿಮಾಡಿಕೊಂಡಿದ್ದಳು. ಆಗ ದೊಡ್ಡದು ತರಬಹುದು. ಹೋದದ್ದು ಹೋಯಿತು, ಆರ್ಡರು ಉಳಿದರೆ ಸಾಕು. ಮನೆಯಲ್ಲಿದ್ದ ಅಕ್ಕಿ, ಉದ್ದು ಎಲ್ಲ ನೆನೆಹಾಕಿದಳು. ಪಾತ್ರೆ ಸಾಲದೆ ಸ್ನಾನದ ಬಕೆಟ್ಟನ್ನೂ ತಿಕ್ಕಿ ತೊಳೆದು ಬಳಸಿದಳು. ರುಬ್ಬಿ ರುಬ್ಬಿ ರಾತ್ರಿಯೊಳಗೆ ಮೊದಲ ಡ್ರಮ್ ತುಂಬಿಸಿ ಹುಳಿಯಲು ಬಿಟ್ಟಳು, ಬೆಳಗಿನ ಜಾವಕ್ಕೇ ಮರುದಿನದ ಹಿಟ್ಟಿಗೆ ಕೂತಳು. ತೋಳು ಬಿದ್ದುಹೋಗಿತ್ತು, ಆದರೂ ಹುಂಡಿ ಕಸಿದದ್ದನ್ನು ತೋಳಿನಲ್ಲೇ ವಾಪಸು ತೆಗೆಯುತ್ತೇನೆಂಬ ಹಠ ಮೈಯಲ್ಲಿ ಏರಿತ್ತು.

ಸೋಮವಾರ ಬೆಳಿಗ್ಗೆ ವೆಂಕಟಾಚಲ ಬಂದ. ಬೋಳಿಸಿದ ತಲೆ, ಹಣೆಯಲ್ಲಿ ನಾಮ, ಕೈಯಲ್ಲಿ ಲಾಡುವಿನ ಕವರು. ಇನ್ನೊಂದು ಕೈಯಲ್ಲಿ ಖಾಲಿ ಚೊಂಬು. ಎರಡು ಗ್ರೈಂಡರಿನ ಸದ್ದಿಗೆ ಬೆರಗಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ನಿಂತವನ ಕಣ್ಣು ತುಂಬಿ ಬಂತು.

"ಕಾಮೂ, ನಿನ್ನಂಥವಳು ಸಿಗಲ್ಲ ಕಣೇ" ಎಂದ. "ನಾನು ಹಾಕ್ತಾ ಇದ್ದಿದ್ದು ಒಂದು ರೂಪಾಯಿ, ಎರಡು ರೂಪಾಯಿ. ಹುಂಡಿ ಮುಂದೆ ಬಟ್ಟೆ ಬಿಚ್ಚಿದ್ರೆ ಒಳಗೆ ಐನೂರರ ನೋಟು! ಒಂದಾ, ಎರಡಾ! ಹರಿದ ಸೀರೆ ಉಟ್ಕೊಂಡು, ನನ್ನ ಕೆಟ್ಟ ಕಾಲ ಹೋಗ್ಲಿ ಅಂತ ದೇವರಿಗೆ ಇಷ್ಟು ಕೂಡಿಟ್ಟಿದೀಯಲ್ಲ ಅಂತ ಅಲ್ಲೇ ಅತ್ತುಬಿಟ್ಟೆ. ಹಿಂದಿನವರು ಜರಗಂಡಿ ಜರಗಂಡಿ ಅಂತ ನೂಕ್ತಾನೇ ಇದ್ರು. ಇದು ನನ್ನ ಹೆಂಡತಿ ಕೈಯಿಂದ ಬಂದದ್ದಪ್ಪಾ ಅಂತ ನಿನ್ನ ಹೆಸರು ಹೇಳೇ ಹಾಕ್ದೆ."

ಕಾಮಾಕ್ಷಿ ಒದ್ದೆ ಕೈಯಲ್ಲೇ ಎದ್ದು ನಿಂತಳು. "ಅದು ದೇವರದಲ್ರೀ. ನಂದು. ದೊಡ್ಡ ಗ್ರೈಂಡರಿಗೆ ಅಂತ ಇಟ್ಟಿದ್ದೆ. ನೀವು ಎಲ್ಲಿಟ್ಟರೂ ತೆಗೀತೀರಿ, ಅದನ್ನ ಮಾತ್ರ ಮುಟ್ಟಲ್ಲ ಅಂತ ಅಲ್ಲಿಟ್ಟೆ."

ವೆಂಕಟಾಚಲನ ಮುಖ ಬಿಳಿಚಿತು. ಕೋಪವಲ್ಲ, ಹೆದರಿಕೆ. ಚೊಂಬು ಕೆಳಗಿಟ್ಟು ಎರಡೂ ಕೆನ್ನೆಗೆ ಪಟಪಟನೆ ಬಡಿದುಕೊಂಡ.

"ಬಿಡ್ತು ಅನ್ನು! ಬಿಡ್ತು ಅನ್ನೇ ಮೊದಲು! ದರ್ಶನ ಮಾಡಿ ಬಂದ ಕಾಲಲ್ಲಿ ಇಂಥ ಮಾತಾ? ಮುಡಿಪಿನ ಚೊಂಬಿಗೆ ಬಿದ್ದಮೇಲೆ ಅದು ಅವನದೇ. ನೀನು ಹಾಕಿದೆ ಅಂದ್ಕೊಂಡಿದೀಯ. ಹಾಕಿಸ್ದವನು ಅವನು ಕಣೇ."

ಬೇರೆ ಮನೆಯಲ್ಲಿ ಹುಟ್ಟಿದವಳಾಗಿದ್ದರೆ ಚೊಂಬನ್ನು ಎತ್ತಿ ಬೀದಿಗೆ ಎಸೆಯುತ್ತಿದ್ದಳೋ ಏನೋ. ಕಾಮಾಕ್ಷಿಯೂ ಅದೇ ದೇವರಿಗೆ ಹೆದರಿ ಬೆಳೆದವಳು. ಆ ಹೆದರಿಕೆಯನ್ನು ನಂಬಿಯೇ ದುಡ್ಡು ಇಟ್ಟಿದ್ದಳು. ಅವನ ಮಾತು ಸುಳ್ಳು ಎನ್ನಲು ಅವಳ ನಾಲಿಗೆ ಏಳಲಿಲ್ಲ. "ಬಿಡ್ತು" ಎಂದಳು. ಎಂದು ಮತ್ತೆ ಬಕೆಟ್ಟಿನ ಮುಂದೆ ಕೂತು ಉಳಿದ ಅಕ್ಕಿ ಬಸಿಯತೊಡಗಿದಳು.

ವೆಂಕಟಾಚಲ ಮೆತ್ತಗಾದ. ಲಾಡು ಮುರಿದು ಒಂದು ಚೂರನ್ನು ಅವಳ ಬಾಯಿಗಿಟ್ಟ. "ಇನ್ನು ನಮ್ಮ ಕಷ್ಟ ಕಳೀತು ಅಂತ ತಿಳ್ಕೋ. ಹರಕೆ ಬಾಕಿ ಇಟ್ಕೊಂಡಿದ್ದಕ್ಕೇ ನಂಗೆ ಯಾವುದೂ ಕೈಹತ್ತಿರಲಿಲ್ಲ. ಇವತ್ತಿಂದ ನೋಡು. ಪಿಎಫ್ ಮೇಲೆ ಸಾಲವೂ ಸ್ಯಾಂಕ್ಷನ್ ಆಗಿದೆ. ಮಾರ್ಕೆಟ್ ಓಪನ್ ಆಗ್ಲಿ."

ಆಗಲೇ ಅವಳ ಫೋನು ಬಡಿದುಕೊಂಡಿತು. ಕಿಟಕಿಯ ಕಟ್ಟೆಯ ಮೇಲಿತ್ತು. ಅವಳ ಕೈಗಳು ಮೊಣಕೈವರೆಗೆ ಅಕ್ಕಿಯಲ್ಲಿದ್ದವು. ಒರೆಸಿಕೊಂಡು ಏಳುವಷ್ಟರಲ್ಲಿ ವೆಂಕಟಾಚಲ ಎತ್ತಿಕೊಂಡ.

"ಹಲೋ? ಹೂಂ, ನಾನು ಅವಳ ಯಜಮಾನ. ಯಾರು, ಕ್ಯಾಂಟೀನಿಂದ ಪ್ರವೀಣ್ ಅವರಾ? ಹಿಟ್ಟು ತರೋಕೆ ಗಾಡಿ ಕಳಿಸ್ತೀರಾ?" ಅವನು ಹೆಂಡತಿಯ ಕಡೆ ನೋಡಿದ. ಊದಿಕೊಂಡ ಅವಳ ಮಣಿಕಟ್ಟು, ಎರಡು ದಿನದಿಂದ ಬಾಚದ ಕೂದಲು, ಒದ್ದೆ ಸೀರೆ. ಅವನ ಮುಖದಲ್ಲಿ ನಿಜವಾದ ಮರುಕ ಉಕ್ಕಿತು. "ಇಲ್ಲ ಕಣ್ರೀ, ಕಳಿಸ್ಬೇಡಿ. ಅವಳು ಇನ್ನು ಇದನ್ನೆಲ್ಲ ಮಾಡಲ್ಲ. ಅವಳ ಕೈ ನೋಡಿದೀರಾ ನೀವು? ಸಾಕು ಅವಳು ಪಟ್ಟಿದ್ದು. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ರೀ! ಬೇಡ ಅನ್ಬೇಡಿ! ಕೊಡ್ರೀ ಇಲ್ಲಿ!" ಎಂದು ಕಾಮಾಕ್ಷಿ ಕಿರುಚಿದಳು. ಗ್ರೈಂಡರಿನ ಸದ್ದಿನಲ್ಲಿ ಆ ಕಡೆಯವನಿಗೆ ಏನು ಕೇಳಿಸಿತೋ. ಅವಳು ಎದ್ದು ಜಾರಿ ಸಾವರಿಸಿಕೊಂಡು ಬರುವಷ್ಟರಲ್ಲಿ ಅವನು ಫೋನಿಟ್ಟಿದ್ದ.

"ಯಾಕೇ, ನಿನ್ನ ಒಳ್ಳೆಯದಕ್ಕೇ ಹೇಳಿದ್ದು" ಎಂದ, ಆಶ್ಚರ್ಯದಿಂದ.

ಅವಳು ಒದ್ದೆ ಬೆರಳಿನಲ್ಲಿ ಮತ್ತೆ ಮತ್ತೆ ಒತ್ತಿದಳು. ಸ್ಕ್ರೀನು ಒದ್ದೆ ಬೆರಳು ತಿಳಿಯದೆ ಬೇರೆಲ್ಲೋ ಹೋಯಿತು. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದಳು. ಆಮೇಲೆ ಲೈನು ಬಿಜಿ, ಬಿಜಿ; ಅರ್ಧ ಗಂಟೆ ಕಳೆದು ಕೊನೆಗೆ ಪ್ರವೀಣ್ ಸಿಕ್ಕಿದ.

"ಪ್ರವೀಣಾ, ಹಿಟ್ಟು ರೆಡಿ ಇದೆಯಪ್ಪಾ. ಗಾಡಿ ಕಳ್ಸು. ಅವರಿಗೆ ಗೊತ್ತಿಲ್ದೆ ಹೇಳಿಬಿಟ್ರು."

"ಅಕ್ಕಾ, ಇನ್ನೊಬ್ರಿಗೆ ಹೇಳಿ ಆಯ್ತು. ಅವರ ಗಾಡಿ ಹೊರಟೂ ಆಯ್ತು" ಎಂದ ಅವನು. ಬೇಸರವಿತ್ತು, ಸಿಟ್ಟೂ ಇತ್ತು. "ಯಜಮಾನ್ರೇ ಬೇಡ ಅಂದ್ಮೇಲೆ ನಾನು ಹ್ಯಾಗೆ ನಂಬ್ಕೊಂಡಿರ್ಲಿ ಹೇಳಿ? ಇವತ್ತು ಅಂದಿದ್ದು ನಾಳೆಯೂ ಅಂತಾರೆ. ಅಷ್ಟು ಜನ ತಿಂಡಿಗೆ ಕೂತಿರ್ತಾರೆ ಅಕ್ಕಾ ಅಲ್ಲಿ. ಬಿಡಿ, ಮುಂದೆ ನೋಡೋಣ."

ಮುಂದೆ ನೋಡೋಣ ಎನ್ನುವವರು ನೋಡುವುದಿಲ್ಲ ಎಂದು ಅವಳಿಗೂ ಗೊತ್ತು. ಫೋನನ್ನು ಕಟ್ಟೆಯ ಮೇಲಿಟ್ಟಳು. ರಚನಾ ಬಾಗಿಲಲ್ಲಿ ನಿಂತು ತಂದೆಯನ್ನೂ ತಾಯಿಯನ್ನೂ ನೋಡುತ್ತಿದ್ದಳು. ಗಂಡ ಕದ್ದಿದ್ದರೆ ಶಾಪ ಹಾಕಬಹುದಿತ್ತು. ಹೊಡೆದಿದ್ದರೆ ಅಣ್ಣನನ್ನು ಕರೆಸಬಹುದಿತ್ತು. ಈ ಮನುಷ್ಯ ಭಕ್ತಿಯಿಂದ ಅವಳ ದುಡ್ಡು ಕಳೆದ, ಪ್ರೀತಿಯಿಂದ ಅವಳ ಕೆಲಸ ಕಳೆದ. ಯಾರ ಮುಂದೆ ಹೇಳಿದರೂ, ಎಷ್ಟು ಒಳ್ಳೆಯ ಗಂಡನಮ್ಮಾ ಎಂದಾರು.

ವೆಂಕಟಾಚಲ ಹೊರಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ. ಕಿವಿಗೆ ಫೋನು ಹಿಡಿದು ಬ್ರೋಕರಿನವನೊಂದಿಗೆ ಮಾತಾಡುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ದನಿ ತುಂಬಿ ಬರುತ್ತಿತ್ತು. ನಡುವೆ ಒಂದು ಸಲ ಫೋನಿಗೆ ಕೈ ಅಡ್ಡ ಹಿಡಿದು ಒಳಗೆ ಕೂಗಿದ:

"ಕಾಮೂ, ಆ ಗ್ರೈಂಡರ್ ಸ್ವಲ್ಪ ಆರಿಸೇ. ಏನೂ ಕೇಳಿಸ್ತಿಲ್ಲ."

ಕಾಮಾಕ್ಷಿ ಮೊದಲು ಒಂದನ್ನು ಆರಿಸಿದಳು. ಆಮೇಲೆ ಶಾರದಾಳದನ್ನೂ ಆರಿಸಿದಳು.